ಗುಂಡಿ ಹೊಲಿಯುವವನ ಹೆಂಡತಿಯ ಪ್ರೇಮ ಪ್ರಕರಣ

ಆರ್ವಿಲ್ ಸ್ಟಬ್ಸ್ ತನ್ನ ಐವತ್ತೆರಡು ವರ್ಷದ ಆಯುಷ್ಯದಲ್ಲಿ ಕದ್ದದ್ದು ಒಂದೇ ಒಂದು ವಸ್ತು. ಅದನ್ನೂ ಮೂರೇ ದಿನದಲ್ಲಿ ತಂದು, ಇದ್ದ ಜಾಗದಲ್ಲೇ ನೇತುಹಾಕಿದ. ಇಷ್ಟು ಪ್ರಾಮಾಣಿಕವಾದ ಕಳ್ಳತನಕ್ಕೆ ಇಷ್ಟು ದೊಡ್ಡ ಶಿಕ್ಷೆ ಹಾಲಿವುಡ್ಡಿನಲ್ಲಿ ಅದಕ್ಕೆ ಮೊದಲು ಯಾರಿಗೂ ಆಗಿರಲಾರದು.

ಅವನು ಸ್ಟುಡಿಯೊದ ಉಡುಪು ವಿಭಾಗದಲ್ಲಿ ಹದಿನೆಂಟು ವರ್ಷದಿಂದ ಗುಂಡಿ ಹೊಲಿಯುತ್ತಿದ್ದ. ಬಟ್ಟೆ ಕತ್ತರಿಸುವವರು ಬೇರೆ, ಹೊಲಿಯುವವರು ಬೇರೆ, ಇಸ್ತ್ರಿಯವರು ಬೇರೆ. ಇವನದು ಗುಂಡಿ ಮಾತ್ರ. ನಾಯಕ ಸಿಟ್ಟಿನಿಂದ ಅಂಗಿಯನ್ನು ಎಳೆದಾಗ ಗುಂಡಿಗಳು ಟಪಟಪನೆ ಹಾರಿಬೀಳಬೇಕಾದರೆ ಎಷ್ಟು ಸಡಿಲವಾಗಿ ಹೊಲಿಯಬೇಕು, ಕುದುರೆಯಿಂದ ಬಿದ್ದರೂ ಒಂದೂ ಉದುರಬಾರದು ಎಂದರೆ ಎಷ್ಟು ಬಿಗಿಯಾಗಿ ಹೊಲಿಯಬೇಕು ಎಂಬುದನ್ನು ಅವನಷ್ಟು ಬಲ್ಲವರು ಊರಿನಲ್ಲೇ ಇರಲಿಲ್ಲ. ಇದೊಂದನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆ ಯಾವುದನ್ನೂ ಅವನು ಸರಿಯಾಗಿ ಬಲ್ಲವನಲ್ಲ. ಟ್ರಾಮು ಹತ್ತಿದರೆ ವಿರುದ್ಧ ದಿಕ್ಕಿನದನ್ನು ಹತ್ತುವನು. ಯಾರಾದರೂ ದಾರಿ ಕೇಳಿದರೆ ಅವರ ಜೊತೆ ತಾನೂ ದಾರಿ ತಪ್ಪಿಸಿಕೊಳ್ಳುವನು.

ಸಾವಿರದ ಒಂಬೈನೂರ ಮೂವತ್ಮೂರರ ಜೂನ್ ತಿಂಗಳಲ್ಲಿ ಅವನ ಹೆಂಡತಿ ಹೆಸ್ಟರ್ ನ್ಯುಮೋನಿಯಾದಿಂದ ತೀರಿಕೊಂಡಳು. ಹನ್ನೊಂದು ದಿನ ಮಲಗಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರ, ಮಕ್ಕಳಿಲ್ಲ. ಅವಳ ಅಕ್ಕ ಬರ್ನೀಸ್ ಪ್ಯಾಸಡೀನಾದಿಂದ ಫೋನ್ ಮಾಡಿ, ಅತ್ತು, ಮೂಗು ಒರೆಸಿಕೊಂಡು, ಕೊನೆಗೆ ಮುಖ್ಯ ವಿಷಯಕ್ಕೆ ಬಂದಳು.

"ಆರ್ವಿಲ್, ನಿನ್ನ ಮದುವೆಗೆ ನೀನು ಸಾಸಿವೆ ಕಲೆ ಇದ್ದ ಕೋಟು ಹಾಕ್ಕೊಂಡು ಬಂದಿದ್ದೆ. ನಾನು ಒಂದು ಮಾತೂ ಆಡ್ಲಿಲ್ಲ. ಶನಿವಾರ ಅಂತ್ಯಕ್ರಿಯೆಗೆ ನನ್ನ ಗಂಡನ ಬ್ಯಾಂಕಿನವರೂ ಬರ್ತಾರೆ. ಇದೊಂದು ದಿನ ಮನುಷ್ಯರ ಥರ ಬಾ."

ಆರ್ವಿಲ್‌ನ ಬಳಿ ಇದ್ದದ್ದು ಒಂದೇ ಕೋಟು, ಕಂದು ಬಣ್ಣದ್ದು. ಅದರ ಮೊಣಕೈ ಹರಿದಿತ್ತು. ಹೊಲಿಯಬೇಕಾಗಿದ್ದವಳು ಹೆಸ್ಟರ್. ಶುಕ್ರವಾರ ಸಂಜೆ ಎಲ್ಲರೂ ಮನೆಗೆ ಹೊರಟ ಮೇಲೆ ಅವನು ಕಪಾಟಿನ ಮುಂದೆ ನಿಂತು, ಸ್ಟುಡಿಯೊದ ದೊಡ್ಡ ನಟ ರೊಡೆರಿಕ್ ವೇನ್ ಅವರ ಕೋಟನ್ನು ಇಳಿಸಿ, ಮಡಚಿ, ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಹೊರಟ. ಮಸಿ ಬಣ್ಣದ ಉದ್ದನೆಯ ಕೋಟು; ಕುರಿಮರಿಯ ತುಪ್ಪಳದ ಕಾಲರು; ಬೆನ್ನಿಗೆ, ಸೊಂಟದ ಮಟ್ಟದಲ್ಲಿ, ಅರ್ಧಪಟ್ಟಿ, ಅದಕ್ಕೆ ಎರಡು ಬೆಳ್ಳಿ ಗುಂಡಿ. ಆ ಗುಂಡಿಗಳನ್ನು ಹೊಲಿದವನು ತಾನೇ ಆದ್ದರಿಂದ ಕೋಟಿನ ಮೇಲೆ ತನಗೂ ಎರಡು ಗುಂಡಿಯಷ್ಟು ಹಕ್ಕಿದೆ ಎಂದು ಅವನು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಉಡುಪು ವಿಭಾಗದಿಂದ ಒಂದು ಕರವಸ್ತ್ರ ಹೊರಗೆ ಹೋದರೂ ಕೆಲಸ ಹೋಗುತ್ತದೆ, ಆಮೇಲೆ ಊರಿನ ಯಾವ ಸ್ಟುಡಿಯೊದವರೂ ಬಾಗಿಲೊಳಗೆ ಬಿಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಶನಿವಾರ ಬೆಳಗ್ಗೆ ಸಮುದ್ರದ ಕಡೆಯಿಂದ ಬಂದ ಮಂಜು ಗುಡ್ಡದ ಮೇಲಿನ ಸ್ಮಶಾನವನ್ನು ಪೂರ್ತಿ ಮುಚ್ಚಿತ್ತು. ಒಟ್ಟು ಏಳು ಜನ ಬಂದಿದ್ದರು. ಬ್ಯಾಂಕಿನವರು ಯಾರೂ ಬರಲಿಲ್ಲ. ಪಾದ್ರಿಗಳು ಹೆಸ್ಟರಳನ್ನು ಉದ್ದಕ್ಕೂ ಎಸ್ತರ್ ಎಂದೇ ಕರೆದು ಸ್ವರ್ಗಕ್ಕೆ ಕಳಿಸಿಕೊಟ್ಟರು. ಬರ್ನೀಸ್ ಮುಖದ ಮೇಲೆ ಎಷ್ಟು ದಪ್ಪನೆಯ ಶೋಕದ ಕಪ್ಪು ಬಲೆ ಇಳಿಬಿಟ್ಟುಕೊಂಡಿದ್ದಳೆಂದರೆ ಅವಳನ್ನು ಕೈ ಹಿಡಿದು ನಡೆಸಬೇಕಾಯಿತು. ಅವಳು ಆರ್ವಿಲ್‌ನ ಕೋಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದನ್ನು ಅವನು ಮೆಚ್ಚುಗೆ ಎಂದು ತಿಳಿದ.

ಎಲ್ಲರೂ ಹೋದ ಮೇಲೆ ಅವನೊಬ್ಬನೇ ನಿಂತ. ಆಗ ಬೆನ್ನ ಹಿಂದೆ ಏನೋ ಸಡಿಲಾದಂತಾಯಿತು. ಕೈಯಾಡಿಸಿದರೆ ಅರ್ಧಪಟ್ಟಿಯ ಒಂದು ಬೆಳ್ಳಿ ಗುಂಡಿ ಇಲ್ಲ. ಹದಿನೆಂಟು ವರ್ಷದಲ್ಲಿ ಅವನು ಹೊಲಿದ ಗುಂಡಿ, ಬೀಳು ಎಂದು ಹೇಳದೆ ಬಿದ್ದದ್ದು ಅದೇ ಮೊದಲು. ಅವನು ಹಸಿ ಮಣ್ಣಿನ ಮೇಲೆ ಮಂಡಿಯೂರಿ ಹುಲ್ಲಿನಲ್ಲಿ ತಡಕಾಡತೊಡಗಿದ. ಅಳುತ್ತ ಹುಡುಕಿದನೋ ಹುಡುಕುತ್ತ ಅತ್ತನೋ ಅವನಿಗೇ ತಿಳಿಯದು. ಅಂತೂ ಭುಜಗಳು ಕುಲುಕುತ್ತಿದ್ದವು, ಗುಂಡಿ ಸಿಗಲಿಲ್ಲ.

ಮೂವತ್ತು ಹೆಜ್ಜೆ ಆಚೆ ಒಬ್ಬ ಛಾಯಾಗ್ರಾಹಕ ನಿಂತಿದ್ದ. ಯಾವನೋ ಶ್ರೀಮಂತ ನಿರ್ಮಾಪಕನ ಅಂತ್ಯಕ್ರಿಯೆಗೆ ಒಂದು ಗಂಟೆ ಮೊದಲೇ ಬಂದು ಬೇಜಾರಾಗಿ ನಿಂತಿದ್ದವನು, ಮಂಜಿನ ನಡುವೆ ಆ ಬೆನ್ನನ್ನು ಕಂಡ. ಆ ಬೆನ್ನು ಊರಿನ ಪ್ರತಿ ಗೋಡೆಯ ಮೇಲಿನ ವೇನ್ ಅವರ ಭಿತ್ತಿಪತ್ರದಲ್ಲೂ ಇತ್ತು.

ಸೋಮವಾರ ಬೆಳಗ್ಗೆ ಆರ್ವಿಲ್ ಎಲ್ಲರಿಗಿಂತ ಮೊದಲು ಹೋಗಿ, ಕೋಟಿನ ಅಂಚಿನ ಕೆಸರು ಉಜ್ಜಿ, ಹೊಸ ಗುಂಡಿ ಹೊಲಿದು, ಕೊಂಡಿಗೆ ಹಾಕಿ ಉಸಿರು ಬಿಟ್ಟ. ಅದೇ ಹೊತ್ತಿಗೆ ಊರಿಗೆ ಊರೇ ಅಡಿಲೇಡ್ ಕ್ವಿಲ್ ಬರೆದದ್ದನ್ನು ಓದುತ್ತಿತ್ತು. ಈ ಅಡಿಲೇಡ್ ಕ್ವಿಲ್ ಪತ್ರಿಕೆಯಲ್ಲಿ ತಾರೆಯರ ಗುಟ್ಟು ಬರೆಯುವವಳು. ಯಾರ ಸಂಸಾರ ಮುರಿಯಿತು ಎಂದು ಅವಳಿಂದ ತಿಳಿಯದೆ ಊರಿನ ಅರ್ಧ ಜನಕ್ಕೆ ಬೆಳಗಿನ ಕಾಫಿ ರುಚಿಸುತ್ತಿರಲಿಲ್ಲ. ಅಂದು ಅವಳು ದೊಡ್ಡ ಚಿತ್ರ ಹಾಕಿ ಕೇಳಿದ್ದಳು: ಹಸಿ ಮಣ್ಣಿನ ಮೇಲೆ ಬಿದ್ದು ಬಿಕ್ಕುತ್ತಿರುವ ಈ ಬೆನ್ನನ್ನು ಗುರುತಿಸದ ಹೆಣ್ಣು ಈ ದೇಶದಲ್ಲಿ ಇದ್ದಾಳೆಯೆ? ಅರ್ಧಪಟ್ಟಿಯ ಒಂದು ಗುಂಡಿಯನ್ನೂ ಕಿತ್ತು ಗೋರಿಗೆ ಅರ್ಪಿಸಿದ ಈ ಮಹಾಪ್ರೇಮಿ ಯಾರು? ಗೋರಿಯ ಮರದ ಹಲಗೆಯ ಮೇಲೆ ಹೆಸರಿರುವ ಈ ಹೆಸ್ಟರ್ ಸ್ಟಬ್ಸ್ ಯಾರು?

ಆರ್ವಿಲ್‌ಗೆ ವಿಷಯ ತಿಳಿದದ್ದು ಸಂಜೆ. ಅವನ ಮನೆ ಒಂದೇ ಅಂಗಳದ ಸುತ್ತ ಇರುವ ಎಂಟು ಪುಟ್ಟ ಮನೆಗಳಲ್ಲಿ ಒಂದು. ಒಡತಿ ಮಿಸೆಸ್ ಪೆಟಿಬೋನ್ ಕೋಳಿ ಸೂಪಿನ ಪಾತ್ರೆ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. ಹೆಸ್ಟರ್ ಸತ್ತ ದಿನ ಆಕೆ ಬಂದಿರಲಿಲ್ಲ.

"ಸ್ಟಬ್ಸ್, ನಿಮಗೆ ಗೊತ್ತಿತ್ತಾ?"

"ಏನು?"

"ಗೊತ್ತಿರಲಿಲ್ಲ, ಪಾಪ," ಎಂದು ಆಕೆ ಹಿಂದೆ ನಿಂತಿದ್ದ ನಾಲ್ಕು ಜನ ನೆರೆಯವರಿಗೆ ತಿಳಿಸಿ, ಪಾತ್ರೆಯನ್ನು ಅವನ ಕೈಗಿತ್ತಳು. "ಸೂಪು ಬಿಸಿ ಇರೋವಾಗ್ಲೇ ಕುಡಿದುಬಿಡಿ. ಪೇಪರ್ ಆಮೇಲೆ ಓದಿ. ಮೊದಲೇ ಓದಿದ್ರೆ ಗಂಟಲಲ್ಲಿ ಇಳಿಯಲ್ಲ."

ಅವನು ಓದಿದ. ಅದು ನಾನೇ ಎಂದು ಹೇಳಲು ಅಂಗಳಕ್ಕೆ ಬಂದವನು, ಕೋಟು ಎಲ್ಲಿಂದ ಬಂತು ಎಂದು ಹೇಳಬೇಕಾಗುತ್ತದೆ ಎಂದು ನೆನಪಾಗಿ, ಬಾಯಿ ತೆರೆದು, ಮುಚ್ಚಿ, ಒಳಗೆ ಹೋದ. ಎಂಟು ಮನೆಯವರೂ ಇದನ್ನು ನೋಡಿ, ಮನುಷ್ಯ ಒಳಗೇ ಕುದಿಯುತ್ತಿದ್ದಾನೆ ಎಂದು ತೀರ್ಮಾನಿಸಿದರು. ಐದನೇ ಮನೆಯಾತ ತನ್ನ ಬೇಟೆ ಬಂದೂಕನ್ನು ಅಟ್ಟದ ಮೇಲೆ ಹಾಕಿ ಬೀಗ ಹಾಕಿದ.

ಮಾರನೆಯ ದಿನ ಬರ್ನೀಸ್ ಬಂದಳು. ಜೊತೆಗೆ ಅಂತ್ಯಕ್ರಿಯೆಗೆ ಬಾರದಿದ್ದ ಹನ್ನೆರಡು ಜನ ಬಂಧುಗಳು, ಒಂದು ಬಾದಾಮಿ ಕೇಕು. ಆರ್ವಿಲ್ ಅವಳು ಕೂಗಾಡುತ್ತಾಳೆಂದು ಹೆದರಿದ್ದ. ಅವಳ ಮುಖದಲ್ಲಿ ಮದುವೆಮನೆಯ ಕಳೆಯಿತ್ತು.

"ಅವಳ ಒಳಗೆ ಏನೋ ಇದೆ ಅಂತ ನಂಗೆ ಚಿಕ್ಕಂದಿನಿಂದ್ಲೂ ಅನ್ನಿಸ್ತಿತ್ತು," ಎಂದಳು. "ನಿನ್ನ ಕಟ್ಕೊಂಡ ಮೇಲೆ ಆ ಆಸೆ ಬಿಟ್ಟಿದ್ದೆ."

ಅವನು ಅವಳನ್ನು ಅಡುಗೆಮನೆಗೆ ಕರೆದೊಯ್ದು, ಅವಳಿಗೊಬ್ಬಳಿಗಾದರೂ ನಿಜ ಹೇಳಿಬಿಡೋಣವೆಂದು, ಚಿತ್ರದಲ್ಲಿರುವವನು ತಾನೇ, ಆ ಕೋಟನ್ನು ಅವತ್ತು ನೀನೇ ಕಣ್ಣಾರೆ ಕಂಡೆಯಲ್ಲ ಎಂದ. ಬರ್ನೀಸ್ ಕರುಣೆಯಿಂದ ಅವನ ಮೊಣಕೈಯ ಹರಕನ್ನು ಮುಟ್ಟಿ, ನೀನು ಅವತ್ತೂ ಇದೇ ಕಂದು ಕೋಟಿನಲ್ಲಿ ಬಂದಿದ್ದೆ, ನಾನು ಹೊಟ್ಟೆಗೆ ಹಾಕಿಕೊಂಡೆ ಎಂದಳು. ಬಲೆಯ ಹಿಂದಿನಿಂದ ಅವಳಿಗೆ ಏನೂ ಕಂಡೇ ಇರಲಿಲ್ಲ. ಅವಳ ಕಣ್ಣಿಗಾಗಿ ತಂದ ಕೋಟನ್ನು ಅವಳೊಬ್ಬಳನ್ನು ಬಿಟ್ಟು ಅಮೆರಿಕದ ನಲವತ್ತೆಂಟು ರಾಜ್ಯದವರೂ ನೋಡಿದ್ದರು.

ಆಮೇಲೆ ಬರ್ನೀಸ್ ಪತ್ತೆದಾರಿಕೆಗೆ ಕೂತಳು. ಹೆಸ್ಟರ್ ಹೊರಗೆ ಹೋಗುತ್ತಿದ್ದಳೆ? ಹೋಗುತ್ತಿದ್ದಳು, ಮಂಗಳವಾರ ಮಧ್ಯಾಹ್ನ. ಎಲ್ಲಿಗೆ? ಚರ್ಚಿನ ಹೊಲಿಗೆ ಮಂಡಳಿಗೆ ಎಂದು ಆರ್ವಿಲ್ ಹೇಳಿದ. ಬಂಧುಗಳಲ್ಲೊಬ್ಬಳು, ಆ ಮಂಡಳಿ ಮುಚ್ಚಿ ಮೂರು ವರ್ಷವಾಯಿತಲ್ಲ ಎಂದಳು. ಎಲ್ಲರೂ ಕೇಕು ತಿನ್ನುವುದನ್ನು ನಿಲ್ಲಿಸಿ ಆರ್ವಿಲ್‌ನ ಮುಖ ನೋಡಿದರು. ಆರ್ವಿಲ್ ಕೂಡ ಯಾರಾದರೂ ಉತ್ತರ ಹೇಳಬಹುದೇ ಎಂದು ಎಲ್ಲರ ಮುಖ ನೋಡಿದ.

ಹತ್ತನೆಯ ದಿನ ಪ್ರಚಾರ ವಿಭಾಗದ ಮುಖ್ಯಸ್ಥ ಬಾಮ್‌ಗಾರ್ಟ್ ಅವರಿಂದ ಕರೆ ಬಂತು. ಕೋಟಿನ ಕೆಸರು ಯಾರದೋ ಕಣ್ಣಿಗೆ ಬಿತ್ತು ಎಂದುಕೊಂಡು ಆರ್ವಿಲ್ ತನ್ನ ಸೂಜಿ ಡಬ್ಬಿಯನ್ನು ಕಿಸೆಗೆ ಹಾಕಿಕೊಂಡೇ ಹೋದ. ಬಾಮ್‌ಗಾರ್ಟ್ ಅವರು ಎದ್ದುನಿಂತು ಕುರ್ಚಿ ತೋರಿಸಿದರು. ವೇನ್ ಅವರ ಹಿಂದಿನ ಎರಡು ಚಿತ್ರಗಳು ಮಕಾಡೆ ಮಲಗಿದ್ದವು. ಈಗ ಅದೇ ಚಿತ್ರಗಳಿಗೆ ಹೆಂಗಸರು ಕರವಸ್ತ್ರ ಹಿಡಿದು ಸಾಲುಗಟ್ಟುತ್ತಿದ್ದರು. ವೇನ್ ಅದು ತಾನಲ್ಲ ಎನ್ನುವ ಹಾಗೂ ಇರಲಿಲ್ಲ. ಆ ಶನಿವಾರ ಬೆಳಗ್ಗೆ ಅವರು ಗುಟ್ಟಾಗಿ ದಂತವೈದ್ಯರ ಬಳಿ ಕೂತು ಉಳಿದಿದ್ದ ಒಂಬತ್ತು ಹಲ್ಲನ್ನೂ ಕೀಳಿಸಿಕೊಳ್ಳುತ್ತಿದ್ದರು.

ಆರ್ವಿಲ್‌ಗೆ ಇನ್ನು ತಡೆಯಲಾಗಲಿಲ್ಲ. ಕೋಟು ಕದ್ದದ್ದು, ಗುಂಡಿ ಬಿದ್ದದ್ದು, ಹುಲ್ಲಿನಲ್ಲಿ ತಡಕಿದ್ದು ಎಲ್ಲವನ್ನೂ ಒಪ್ಪಿಕೊಂಡ. ಬಾಮ್‌ಗಾರ್ಟ್ ಕೋಟು ತರಿಸಿ, ಅವನಿಗೆ ತೊಡಿಸಿ, ಕಿಟಕಿಯ ಕಡೆ ಮುಖ ಮಾಡಿ ನಿಲ್ಲಿಸಿದರು. ಕಾಫಿ ತಂದ ಕಾರ್ಯದರ್ಶಿ ಮಿಸ್ ಲೂಮಿಸ್, ಆ ಬೆನ್ನನ್ನು ನೋಡಿ ತಗ್ಗಿದ ದನಿಯಲ್ಲಿ, "ನಿಮ್ಮ ದುಃಖದಲ್ಲಿ ನಾವೆಲ್ಲ ಇದೀವಿ ಸರ್," ಎಂದಳು. ಆರ್ವಿಲ್ ಕೃತಜ್ಞತೆಯಿಂದ ತಿರುಗಿದ. "ಓ, ನೀವಾ," ಎಂದು ಅವಳು ಕಾಫಿ ಇಟ್ಟು ಹೋದಳು.

ಬಾಮ್‌ಗಾರ್ಟ್ ಬಾಗಿಲು ಮುಚ್ಚಿ ಬಂದು ಕುರ್ಚಿಯಲ್ಲಿ ಕೂತರು.

"ನೋಡು ಸ್ಟಬ್ಸ್," ಎಂದರು. "ದೇಶಕ್ಕೆ ನಿನ್ನಿಂದ ಬೇಕಾಗಿದ್ದದ್ದು ಬೆನ್ನು ಅಷ್ಟೆ. ಅದು ಸಿಕ್ಕಾಯ್ತು. ಮುಂಭಾಗ ನಮ್ಮ ಹತ್ರ ಬೇರೆ ಇದೆ."

"ನನ್ನ ಹೆಂಡತಿ ಹೆಸರು ಸರ್? ಜನ ಅವಳ ಬಗ್ಗೆ ಏನೇನೋ ಮಾತಾಡ್ತಿದಾರೆ."

"ಜನ ಅವಳ ಬಗ್ಗೆ ಮಾತಾಡ್ತಿದಾರೆ. ಇಪ್ಪತ್ತೆರಡು ವರ್ಷದಲ್ಲಿ ನಿನ್ನ ಕೈಲಿ ಆಗದ್ದನ್ನ ನಾವು ಹತ್ತು ದಿನದಲ್ಲಿ ಮಾಡಿದೀವಿ. ಬಾಯಿ ಮುಚ್ಕೊಂಡಿದ್ರೆ ಕೋಟಿನ ಕಥೆ ನಾನು ಮರೀತೀನಿ. ಬಾಯಿ ಬಿಟ್ರೆ, ನಾಳೆಯಿಂದ ನೀನು ಎಲ್ಲಿ ಗುಂಡಿ ಹೊಲೀತೀಯ ಅಂತ ಯೋಚನೆ ಮಾಡ್ಕೋ."

ಆರ್ವಿಲ್ ಯೋಚನೆ ಮಾಡಿದ. ಗುಂಡಿ ಹೊಲಿಯಲು ಬೇರೆ ಜಾಗ ಹೊಳೆಯಲಿಲ್ಲ. ಬಾಯಿ ಮುಚ್ಚಿಕೊಂಡ.

ಅಲ್ಲಿಂದ ಮುಂದೆ ನಡೆದದ್ದಕ್ಕೆ ಬೆಲೆಬಾಳುವ ಬಟ್ಟೆ ಅಂಗಡಿಗಳೇ ಸಾಕ್ಷಿ. ಆ ಬೇಸಿಗೆಯಲ್ಲಿ ಲಾಸ್ ಏಂಜಲೀಸಿನ ಗಂಡಸರು, ಮಂಜು ಕರಗಿ ಬಿಸಿಲು ಸುಡತೊಡಗಿದ ಮೇಲೂ, ಮಸಿ ಬಣ್ಣದ ಉಣ್ಣೆ ಕೋಟು ತೊಟ್ಟು ಬೆವರಿಳಿಸಿಕೊಂಡು ತಿರುಗಿದರು. ಎಲ್ಲ ಕೋಟಿನ ಬೆನ್ನಿನಲ್ಲೂ ಎರಡು ಗುಂಡಿಯಲ್ಲಿ ಒಂದು ಇರುತ್ತಿರಲಿಲ್ಲ. ಎರಡೂ ಗುಂಡಿ ಇದ್ದವನನ್ನು ಹೆಂಗಸರು ಪ್ರೇಮವರಿಯದ ಜಂತುವಿನಂತೆ ನೋಡುತ್ತಿದ್ದರು. ಆರ್ವಿಲ್‌ಗೆ ಮೇಲಿನಿಂದ ಅಪ್ಪಣೆ ಬಂತು: ಮೂಲ ಕೋಟಿನಲ್ಲಿ ಅದ್ಯಾವನೋ ಅವಿವೇಕಿ ಎರಡನೆಯ ಗುಂಡಿ ಹೊಲಿದುಬಿಟ್ಟಿದ್ದಾನೆ, ತಕ್ಷಣ ಕೀಳಬೇಕು. ಅವನು ಕಿತ್ತ. ದಾರದ ತುದಿ ನೇತಾಡುವಂತಿರಲಿ, ದುಃಖ ಕಾಣಬೇಕು ಎಂದರು. ನೇತಾಡಿಸಿದ.

ಗುಡ್ಡದ ಮೇಲೆ ಮರದ ಹಲಗೆ ಹೋಗಿ ಅಮೃತಶಿಲೆ ಬಂತು; ಅದರ ಮೇಲೆ ‘ಹೆಸ್ಟರ್’ ಎಂದಷ್ಟೇ ಇತ್ತು. ಸ್ಟಬ್ಸ್ ಎಂಬುದು ಅಕ್ಷರಗಳ ಅಂದ ಕೆಡಿಸುತ್ತದೆಂದು ಬಿಟ್ಟರು. ಸುತ್ತ ಹಗ್ಗ ಕಟ್ಟಿ ಕಾವಲುಗಾರನನ್ನು ನಿಲ್ಲಿಸಿದರು. ಆರ್ವಿಲ್ ಭಾನುವಾರ ಹೋದಾಗ ಅವನೂ ಸಾಲಿನಲ್ಲೇ ನಿಲ್ಲಬೇಕಾಯಿತು. ಒಬ್ಬರಿಗೆ ಒಂದು ನಿಮಿಷ. ನಾನು ಅವಳ ಗಂಡ ಎಂದು ಅವನು ಕಾವಲುಗಾರನ ಕಿವಿಯಲ್ಲಿ ಹೇಳಿದ. ಕಾವಲುಗಾರ ಸೌಜನ್ಯದ ಮನುಷ್ಯ. ಹಾಗಾದರೆ ನಿಮಗೆ ಇಲ್ಲಿ ಇರುವುದಕ್ಕೆ ಮುಜುಗರವಾಗುತ್ತಿರಬೇಕು ಎಂದು ಹಿಂದಿನ ಬಾಗಿಲಿನಿಂದ ಹೊರಗೆ ಬಿಟ್ಟ.

ಜುಲೈ ಕೊನೆಯಲ್ಲಿ ಹೊಸ ಕೋಟಿನ ಅಳತೆಗೆಂದು ವೇನ್ ಅವರೇ ಉಡುಪು ವಿಭಾಗಕ್ಕೆ ಬಂದರು. ಹತ್ತಿರದಿಂದ ಅವರು ದಣಿದ, ಹೊಸ ಹಲ್ಲಿಗೆ ಇನ್ನೂ ಹೊಂದಿಕೊಳ್ಳದ ಮುದುಕರು. ಮಾತಾಡಿದರೆ ಹಲ್ಲು ಒಂದು ಕ್ಷಣ ತಡವಾಗಿ ಹಿಂಬಾಲಿಸುತ್ತಿತ್ತು. ಆರ್ವಿಲ್ ಬಾಯಲ್ಲಿ ಸೂಜಿ ಕಚ್ಚಿಕೊಂಡು ಅವರ ಬೆನ್ನ ಹಿಂದೆ ನಿಂತಿದ್ದ. ಒಂದು ತಿಂಗಳಿಂದ ಅವನಿಗೆ ನಿದ್ದೆ ಇರಲಿಲ್ಲ.

"ಸರ್," ಎಂದ, ಸೂಜಿ ತೆಗೆದು. "ಮಂಗಳವಾರ ಅವಳು ಎಲ್ಲಿಗೆ ಹೋಗ್ತಿದ್ಲು?"

ವೇನ್ ಕನ್ನಡಿಯಲ್ಲಿ ಅವನನ್ನು ನೋಡಿದರು. "ಆ ಫೋಟೋದಲ್ಲಿದ್ದೋರು ನೀವೇ ಅಂತ ಬಾಮ್‌ಗಾರ್ಟ್ ಹೇಳಿದ್ರಲ್ಲ."

"ನಾನೇ ಸರ್."

"ಮತ್ತೆ ನಾನು ಅವರನ್ನ ಕಂಡೇ ಇಲ್ಲ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಗೊತ್ತು ಸರ್. ಆದ್ರೂ ಕೇಳ್ದೆ."

ವೇನ್ ಅವರಿಗೆ ನಿಜಕ್ಕೂ ಸಂಕಟವಾಯಿತು. ತಮಗೆ ಗೊತ್ತಿಲ್ಲ ಎಂದು ಎರಡು ಸಲ ಹೇಳಿದರು. ಗೊತ್ತಿದ್ದರೆ ಖಂಡಿತ ಹೇಳುತ್ತಿದ್ದೆ ಎಂದರು. ಆರ್ವಿಲ್ ತಲೆಯಾಡಿಸಿ ಸೂಜಿಗೆ ದಾರ ಪೋಣಿಸಿದ. ಈ ಒಬ್ಬ ಮನುಷ್ಯನಿಗಾದರೂ ಗೊತ್ತಿರಬಹುದು ಎಂದು ಅವನು ಆಸೆ ಇಟ್ಟುಕೊಂಡಿದ್ದ.

ಮುಂದಿನ ವಾರ ಅಡಿಲೇಡ್ ಕ್ವಿಲ್ ಬರೆದದ್ದರಲ್ಲಿ ವೇನ್ ಅವರ ಮಾತು ದಪ್ಪಕ್ಷರದಲ್ಲಿತ್ತು: ಮಂಗಳವಾರಗಳು ನಮ್ಮವಾಗಿದ್ದವು.

ಆರ್ವಿಲ್ ಆ ಪುಟವನ್ನು ಮಡಚಿಕೊಂಡು, ಕೆಲಸ ಹೋದರೆ ಹೋಗಲಿ ಎಂದು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನೇರವಾಗಿ ಪತ್ರಿಕೆಯ ಕಚೇರಿಗೆ ಹೋದ. ಅವನ ಜೀವನದಲ್ಲಿ ಸರಿಯಾದ ಟ್ರಾಮು ಹತ್ತಿದ್ದು ಅದೊಂದೇ ಸಲ. ಅಡಿಲೇಡ್ ಕ್ವಿಲ್ ಗಿಡ್ಡಗೆ, ಕನ್ನಡಕ ಹಾಕಿಕೊಂಡು, ಶಾಲೆಯ ಮೇಡಂ ಹಾಗಿದ್ದಳು. ಅವನು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದಳು. ಆ ಚಿತ್ರದಲ್ಲಿರುವವನು ನಾನೇ ಎಂದು ಬಂದವರಲ್ಲಿ ನೀವು ಹನ್ನೆರಡನೆಯವರು ಎಂದಳು. ಸಾಕ್ಷಿ ಏನಿದೆ?

ಗುಂಡಿ ಇತ್ತು, ಹುಲ್ಲಿನಲ್ಲಿ ಕಳೆದುಹೋಯಿತು ಎಂದ ಆರ್ವಿಲ್.

"ಒಂಬತ್ತನೆಯವರು ಗುಂಡಿ ತಂದಿದ್ರು," ಎಂದಳು ಅವಳು. "ನಿಮ್ಮ ಮಾತು ನಿಜವೇ ಇರಬಹುದು ಮಿಸ್ಟರ್ ಸ್ಟಬ್ಸ್. ಗಂಡ ತನ್ನ ಹೆಂಡತಿ ಗೋರಿ ಮುಂದೆ ಅತ್ತ. ಸರಿ. ಇದನ್ನ ನಾನು ಯಾರಿಗೆ ಅಂತ ಬರೀಲಿ, ಹೇಳಿ."

ಅವನು ಮಡಚಿದ ಪುಟವನ್ನು ಕಿಸೆಗೆ ಹಾಕಿಕೊಂಡ. ಅವಳು ಎದ್ದು ಬಂದು ಅವನಿಗೆ ಬಾಗಿಲು ತೆಗೆದುಕೊಟ್ಟಳು.

ಆಗಸ್ಟ್ ಹತ್ತೊಂಬತ್ತಕ್ಕೆ ರೊಡೆರಿಕ್ ವೇನ್ ಅವರಿಗೂ ಇಪ್ಪತ್ಮೂರು ವರ್ಷದ ಹೊಸ ನಟಿಗೂ ಮದುವೆ ಗೊತ್ತಾಯಿತು. ಒಂದೇ ವಾರದಲ್ಲಿ ಗಂಡಸರು ಬಿಳಿಯ ಲಿನನ್ ತೊಟ್ಟರು. ಅದರಲ್ಲಿ ಇದ್ದಬದ್ದ ಗುಂಡಿಯೆಲ್ಲ ಇರುತ್ತಿತ್ತು. ಗುಡ್ಡದ ಹಗ್ಗ ಬಿಚ್ಚಿದರು, ಕಾವಲುಗಾರನನ್ನು ಬೇರೆ ಕಡೆ ಹಾಕಿದರು. ಬರ್ನೀಸ್ ಎರಡು ತಿಂಗಳಿಂದ ನೆರೆಹೊರೆಯಲ್ಲಿ ಗಳಿಸಿದ್ದ ಮರ್ಯಾದೆ ಒಂದೇ ದಿನದಲ್ಲಿ ಇಳಿದುಹೋಯಿತು; ಅವಳು ಫೋನ್ ಮಾಡಿ ಆರ್ವಿಲ್‌ನನ್ನೇ ಬೈದಳು. ಹೆಂಡತಿಗೆ ಹೀಗೆ ಮೋಸವಾದರೂ ನೀನು ಒಂದು ಮಾತು ಕೇಳಲಿಲ್ಲವಲ್ಲ, ನೀನೂ ಒಬ್ಬ ಗಂಡಸೇ ಎಂದಳು. ಮಿಸೆಸ್ ಪೆಟಿಬೋನ್ ಸೂಪಿನ ಪಾತ್ರೆಯನ್ನು ವಾಪಸ್ಸು ಕೇಳಿ ಪಡೆದಳು.

ಸೆಪ್ಟೆಂಬರಿನ ಒಂದು ಭಾನುವಾರ ಆರ್ವಿಲ್ ಗುಡ್ಡಕ್ಕೆ ಹೋದಾಗ ಅಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು. ದಪ್ಪನೆಯ ಮೈ, ನಲವತ್ತರ ಆಸುಪಾಸು, ಕೈಯಲ್ಲಿ ತಗಡಿನ ಡಬ್ಬದಲ್ಲಿ ನೆಟ್ಟ ಜೆರೇನಿಯಂ ಗಿಡ. ಬೇಕರ್ಸ್‌ಫೀಲ್ಡಿನ ಶಾಲೆಯೊಂದರಲ್ಲಿ ಅಡುಗೆ ಮಾಡುವವಳಂತೆ. ಬೆಳಗಿನ ಬಸ್ಸಿಗೆ ಬಂದಿದ್ದಳು. ಡಾಕ್ಟರ ಕೋಣೆಯಲ್ಲಿ ಕಾಯುವಾಗ ಹಳೆಯ ಸಂಚಿಕೆಯೊಂದರಲ್ಲಿ ಓದಿದಳಂತೆ. ವೇನ್ ಅವರ ಮದುವೆಯ ಸುದ್ದಿ ಅವಳಿಗಿನ್ನೂ ಮುಟ್ಟಿರಲಿಲ್ಲ. ಇಷ್ಟು ದೊಡ್ಡ ಪ್ರೀತಿಗೆ ಇಲ್ಲಿ ಜನ ಇರುತ್ತಾರೆಂದುಕೊಂಡಿದ್ದೆ ಎಂದಳು. ಆಮೇಲೆ, ನೀವು ಅವರಿಗೆ ಪರಿಚಯವೇ ಎಂದು ಕೇಳಿದಳು.

"ಗಂಡ," ಎಂದ ಆರ್ವಿಲ್. ನಂಬುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಅವಳು ನಂಬಿದಳು. ಗಿಡವನ್ನು ಕೆಳಗಿಟ್ಟು ಅವನ ಎರಡೂ ಕೈ ಹಿಡಿದುಕೊಂಡಳು. ಅವಳ ಕೈ ಒರಟಾಗಿ, ಬೆಚ್ಚಗಿತ್ತು.

"ಅವರನ್ನ ಕ್ಷಮಿಸಿದ್ರಾ?"

ಆರ್ವಿಲ್ ಮೊದಲಿನಿಂದ ಶುರುಮಾಡಲು ಬಾಯಿ ತೆರೆದ: ಕೋಟು, ಬಲೆ, ಗುಂಡಿ, ಛಾಯಾಗ್ರಾಹಕ. ಅವಳ ಬಸ್ಸು ನಾಲ್ಕು ಗಂಟೆಗಿತ್ತು.

"ಹೂಂ ಅಮ್ಮ," ಎಂದ. "ಕ್ಷಮಿಸಿದೆ."

ಅವಳು ಕಣ್ಣೊರೆಸಿಕೊಂಡಳು. ಇಬ್ಬರೂ ಶಿಲೆಯ ಪಕ್ಕ ಹುಲ್ಲಿನ ಮೇಲೆ ಕೂತರು. ಅವಳು ತಂದಿದ್ದ ಮೊಟ್ಟೆಯ ಸ್ಯಾಂಡ್‌ವಿಚ್ಚನ್ನು ಅರ್ಧ ಮಾಡಿ ಕೊಟ್ಟಳು. ಏನಾಗಿತ್ತು ಅವರಿಗೆ ಎಂದು ಕೇಳಿದಳು. ಅವನು ಹನ್ನೊಂದು ದಿನದ ಜ್ವರದ ವಿಷಯ ಹೇಳಿದ. ಕೆಮ್ಮಿದರೆ ಪಕ್ಕದ ಮನೆಯವರಿಗೆ ತೊಂದರೆಯಾಗುತ್ತದೆ ಎಂದು ದಿಂಬಿಗೆ ಬಾಯಿ ಒತ್ತಿ ಕೆಮ್ಮುತ್ತಿದ್ದುದನ್ನು ಹೇಳಿದ.

"ಕೊನೇಲಿ ಏನಾದ್ರೂ ಅಂದ್ರಾ?"

"ಒಲೆ ಆರಿಸಿದ್ಯಾ ಅಂತ ಕೇಳಿದ್ಲು. ಮಧ್ಯಾಹ್ನ ಮೂರು ಗಂಟೆ."

"ಆರಿಸಿದ್ರಾ?"

"ಇಲ್ಲ. ನಾನು ಹಾಲು ಇಟ್ಟು ಮರೆತಿದ್ದೆ. ಹೋಗಿ ಆರಿಸಿ ಬಂದೆ." ಅವನು ಸ್ಯಾಂಡ್‌ವಿಚ್ಚನ್ನು ನೋಡುತ್ತಿದ್ದ. "ಆರಿಸಿದೆ ಅಂತ ಹೇಳೋಣ ಅಂದ್ರೆ, ಅಷ್ಟರಲ್ಲಿ ಹೋಗಿಬಿಟ್ಟಿದ್ಲು."